ಮ್ಯೂನಿಕ್‌ನಲ್ಲಿ ಸಂಕ್ರಾಂತಿ, ನಮ್ಮ ಶಶಿಯ ತೊಟ್ಟಿಲು

ಈ ಸಲ ಸಂಕ್ರಾಂತಿಯ ದಿನವೇ ಮಗನನ್ನು ತೊಟ್ಟಿಲಿಗೆ ಹಾಕಿದೆವು. ಮಂಡ್ಯದಿಂದ ಅಮ್ಮ ಬಂದಿದ್ದರು, ಅವರ ಜೊತೆ ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು ಎಲ್ಲಾ ಬಂತು. ಕಬ್ಬು ಮಾತ್ರ ಇಲ್ಲ. ಮಂಡ್ಯದವರಿಗೆ ಕಬ್ಬಿಲ್ಲದ ಸಂಕ್ರಾಂತಿ ಎಷ್ಟು ಬೇಜಾರು ಅಂತ ಬಿಡಿಸಿ ಹೇಳಬೇಕಾ? ಎಲಚಿ ಹಣ್ಣೂ ಸಿಗಲಿಲ್ಲ. ದ್ರಾಕ್ಷಿ, ಸಕ್ಕರೆ ಅಚ್ಚಿನ ಚೂರು, ನಾಲ್ಕಾರು ಸೆಂಟ್ ನಾಣ್ಯ ಸೇರಿಸಿ ಅಮ್ಮ ಲೋಟದಲ್ಲಿ ಮಗುವಿನ ತಲೆ ಮೇಲೆ ಎರೆದರು. ಒಂದು ದ್ರಾಕ್ಷಿ ಅವನ ಕತ್ತಿನ ಮಡಿಕೆಯಲ್ಲಿ ಸಿಕ್ಕಿಕೊಂಡಿತು, ಅವನು ಕಣ್ಣು ಪಿಳಿಪಿಳಿ ಬಿಡುತ್ತಾ ಸುಮ್ನೆ ಕೂತಿದ್ದ.

ಆಮೇಲೆ ಕಿವಿಯಲ್ಲಿ ಹೆಸರು ಹೇಳಿದೆವು. ಶಶಿ. ಬರೀ ಶಶಿ.

ವಿಡಿಯೋ ಕಾಲ್‌ನಲ್ಲಿದ್ದ ಮಾವನಿಗೆ ಸಮಾಧಾನ ಇಲ್ಲ. "ಶಶಿಧರ ಅಂತ ಮಾಡಮ್ಮ, ಇಲ್ಲಾ ಶಶಿಕುಮಾರ ಅನ್ನು. ಬರೀ ಶಶಿ ಅಂದ್ರೆ ಗಂಡೋ ಹೆಣ್ಣೋ ಗೊತ್ತಾಗಲ್ಲ" ಅಂದರು. ಗೊತ್ತಾಗದೇ ಇರಲಿ ಅಂತಲೇ ಇಟ್ಟಿದ್ದು ಮಾವ, ಅಂದೆ.

ಶಶಿಧರನನ್ನೂ ಶಶಿಕಲಾಳನ್ನೂ ನಾವು ಕರೆಯೋದು ಶಶಿ ಅಂತಲೇ ಅಲ್ವಾ? ಮಧು, ಕಿರಣ್ ಇದ್ದಾರೆ. ಹಳೇ ಹೆಸರು ನೋಡಿ: ಕೆಂಪಯ್ಯ ಕೆಂಪಮ್ಮ, ಪುಟ್ಟಯ್ಯ ಪುಟ್ಟಮ್ಮ. ಕೊನೆಯ ಅಯ್ಯ, ಅಮ್ಮ ತೆಗೆದರೆ ಉಳಿಯೋದು ಒಂದೇ.

ಇಲ್ಲಿ ಜರ್ಮನಿಯಲ್ಲೂ ಹಿಂದೆ ಮಾವನ ತಕರಾರೇ ಇತ್ತು. ಹೆಸರಿನಿಂದ ಗಂಡೋ ಹೆಣ್ಣೋ ತಿಳಿಯದಿದ್ದರೆ, ತಿಳಿಯುವಂಥ ಇನ್ನೊಂದು ಹೆಸರು ಸೇರಿಸಿ ಅನ್ನುತ್ತಿದ್ದರು ನೋಂದಣಿ ಕಚೇರಿಯವರು. ಒಂದು ಹೆಣ್ಣು ಮಗುವಿಗೆ ಕಿರಣ್ ಅಂತ ಇಡಲು ಹೋಗಿ, ಕಚೇರಿ ಒಪ್ಪದೆ, ಕೇಸು ಇಲ್ಲಿನ ಸಂವಿಧಾನ ನ್ಯಾಯಾಲಯದ ತನಕ ಹೋಯಿತು. ಹೆಸರೇ ಗಂಡು ಹೆಣ್ಣು ಹೇಳಬೇಕು ಅಂತ ಕಾನೂನಿಲ್ಲ, ಮಗುವಿಗೆ ತೊಂದರೆ ಆಗದಿದ್ದರೆ ಅಪ್ಪ ಅಮ್ಮನ ಇಷ್ಟ ಅಂತ 2008ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ನಮ್ಮ ಕಡೆಯ ಹೆಸರಿನಿಂದಲೇ ಈ ದಾರಿ ತೆರೆಯಿತು ಅನ್ನೋದು ನನಗೆ ತುಂಬಾ ಖುಷಿ.

ನನಗೆ ನಿಜವಾಗಿ ನೋವಾಗೋದು ಬೇರೆ ವಿಷಯಕ್ಕೆ. ಹುಡುಗಿಗೆ ಕಿರಣ್ ಅಂತ ಇಟ್ಟರೆ ನಮ್ಮ ಜನ ಸ್ಟೈಲಾಗಿದೆ ಅಂತಾರೆ, ಅದೇ ಹುಡುಗನ ಹೆಸರಲ್ಲಿ ಹೆಣ್ಣಿನ ನೆರಳು ಬಿದ್ದರೂ ಸಾಕು, ಸ್ಕೂಲಲ್ಲಿ ರೇಗಿಸ್ತಾರೆ ಕಣಮ್ಮ ಅಂತ ಶುರು. ಹೆಣ್ಣಿನ ಹಾಗೆ ಅನ್ನಿಸಿಕೊಳ್ಳೋದು ಯಾಕೆ ಅವಮಾನ ಆಗಬೇಕು? ನನ್ನ ಮಗ ಅದನ್ನು ಅವಮಾನ ಅಂದುಕೊಂಡು ಬೆಳೆಯೋದು ನನಗೆ ಬೇಡ.

ಸಂಜೆ ಎಳ್ಳು ಬೀರಲು ಮೇಲಿನ ಮನೆ, ಪಕ್ಕದ ಮನೆಗೆ ಹೋದೆವು. ನಮ್ಮಲ್ಲಿ ಇದು ಹೆಣ್ಣುಮಕ್ಕಳ ಕೆಲಸ. ಶಶಿ ನಡೆಯೋ ಹಾಗಾದ ಮೇಲೆ ತಟ್ಟೆ ಹಿಡಿದು ಅವನೇ ಬೀರಲಿ ಅಂದೆ. ಅಮ್ಮ ಹೂಂ ಅಂದರು. "ಹಂಗಾದ್ರೆ ಮುಂದಿನ ಹಬ್ಬಕ್ಕೆ ಊರಿಗೇ ಕರ್ಕೊಂಡು ಬಾ, ನಮ್ಮ ಬೀದೀಲಿ ಬೀರಲಿ."