ಕೊಲೋಟೈಪ್: ಜೆಲಾಟಿನ್‌ಗಿಂತ ಮೊದಲು ಗಾಜು

ಕೊಲೋಟೈಪ್ ಅಂದರೆ ಗಾಜಿನ ಮೇಲಿನ ಜೆಲಾಟಿನ್ ಪದರದಿಂದ ಫೋಟೋವನ್ನು ಶಾಯಿಯಲ್ಲಿ ಅಚ್ಚುಹಾಕುವ ಹಳೆಯ ವಿಧಾನ. ಅದನ್ನು ಕಲಿಯಲು ಬಂದವರು ಮೊದಲು ಕೇಳುವುದು ಜೆಲಾಟಿನ್ ಎಷ್ಟು, ಅದು ಬೆಳಕಿಗೆ ಸ್ಪಂದಿಸುವಂತೆ ಮಾಡುವ ಡೈಕ್ರೋಮೇಟ್ ಎಂಬ ರಾಸಾಯನಿಕ ಎಷ್ಟು ಅಂತ. ನಾನು ಅವರ ಕೈಗೆ ಎಮರಿ ಪುಡಿ ಕೊಟ್ಟು ಗಾಜು ಉಜ್ಜಲು ಹೇಳುತ್ತೇನೆ. ಜರ್ಮನಿಯ ಒಂದು ಸಣ್ಣ ಮುದ್ರಣ ಕಾರ್ಯಾಗಾರದಲ್ಲಿ ಇದೇ ಕೆಲಸ ಮಾಡುವ ನನಗೆ ಅನುಭವದಿಂದ ಗಟ್ಟಿಯಾದ ಮಾತೊಂದಿದೆ: ಮುದ್ರಣದ ನಡುವೆ ಪದರ ಎದ್ದು ಬಂದರೆ, ಕಾರಣವನ್ನು ಜೆಲಾಟಿನ್‌ನ ಕೆಳಗೆ ಹುಡುಕಬೇಕು.

ಡೈಕ್ರೋಮೇಟ್ ಬೆರೆಸಿದ ಜೆಲಾಟಿನ್ ಬೆಳಕು ಬಿದ್ದಷ್ಟು ಗಟ್ಟಿಯಾಗುತ್ತದೆ. ಗಟ್ಟಿಯಾದ ಭಾಗ ಜಿಡ್ಡಿನ ಶಾಯಿಯನ್ನು ಹಿಡಿಯುತ್ತದೆ, ಮೆತ್ತಗಿರುವ ಭಾಗ ನೀರು ಕುಡಿದು ಶಾಯಿಯನ್ನು ತಳ್ಳುತ್ತದೆ. ಇದನ್ನು 1855ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದವನು ಅಲ್ಫೋನ್ಸ್ ಪ್ವಾತ್ವೆಂ. ಚುಕ್ಕಿಗಳ ಜಾಲರಿಯೇ ಬೇಡ, ಫೋಟೋದ ಛಾಯೆಯೆಲ್ಲ ಶಾಯಿಯಲ್ಲೇ ಬರುತ್ತದೆ. ಛಾಯಾಗ್ರಾಹಕ ಮೈಬ್ರಿಜ್ 1887ರಲ್ಲಿ ಪ್ರಕಟಿಸಿದ ಪ್ರಾಣಿಗಳ ಮತ್ತು ಮನುಷ್ಯರ ಚಲನೆಯ 781 ಚಿತ್ರಪುಟಗಳು ಅಚ್ಚಾದದ್ದು ಹೀಗೆಯೇ.

ಆದರೆ ನಡುವೆ ಒಂದು ತೊಡಕಿತ್ತು. 1860ರ ದಶಕದಲ್ಲಿ ಫ್ರಾನ್ಸ್‌ನ ಮೆಟ್ಸ್ ಊರಿನ ಮುದ್ರಕರು ತಾಮ್ರದ ಹಲಗೆಗೆ ಜೆಲಾಟಿನ್ ಬಳಿದು ನೋಡಿದರು. ನೂರು ಪ್ರತಿ ತೆಗೆಯುವುದರೊಳಗೆ ಪದರ ಸೋತುಹೋಗುತ್ತಿತ್ತು. 1868ರ ಸುಮಾರಿಗೆ ಮ್ಯೂನಿಕ್‌ನ ಯೋಸೆಫ್ ಆಲ್ಬರ್ಟ್ ದಪ್ಪ ಗಾಜನ್ನು ಆರಿಸಿಕೊಂಡ. ಮೊದಲ ಪದರಕ್ಕೆ ಗಾಜಿನ ಹಿಂಬದಿಯಿಂದ ಬೆಳಕು ಕೊಟ್ಟು ಅದನ್ನು ಗಾಜಿಗೇ ಕಚ್ಚಿಸಿದ, ಅದರ ಮೇಲೆ ಚಿತ್ರದ ಪದರ ಬಳಿದ. ಆಮೇಲೆ ಒಂದು ಪ್ಲೇಟಿನಿಂದ ಸಾವಿರ ಪ್ರತಿ ತೆಗೆಯುವುದು ಸಾಧ್ಯವಾಯಿತು. ನನಗೆ ಇಡೀ ಕೊಲೋಟೈಪ್ ಇತಿಹಾಸದಲ್ಲಿ ಇದಕ್ಕಿಂತ ಚೆಂದದ ಯೋಚನೆ ಕಂಡಿಲ್ಲ.

ನಾವು ಬಳಸುವುದು 10 ಮಿಲಿಮೀಟರ್ ದಪ್ಪದ ಗಾಜು. ಅಂಚನ್ನು ಇಳಿಜಾರಾಗಿ ಉಜ್ಜಿರಬೇಕು, ಇಲ್ಲದಿದ್ದರೆ ಅದು ರೋಲರನ್ನು ಕುಯ್ಯುತ್ತದೆ. ಎರಡು ಗಾಜುಗಳ ನಡುವೆ ನೀರು, ಎಮರಿ ಹಾಕಿ ಸುತ್ತ ಉಜ್ಜುತ್ತೇವೆ. ಓರೆ ಬೆಳಕಿನಲ್ಲಿ ಹಿಡಿದಾಗ ಎಲ್ಲೂ ಹೊಳಪು ಉಳಿದಿರಬಾರದು. ಜೆಲಾಟಿನ್ ಗಾಜಿಗೆ ಹಿಡಿದುಕೊಳ್ಳಲೆಂದು ಮೊದಲು ಬಳಿಯುವ ಕೆಳಪದರಕ್ಕೆ ಸೋಡಿಯಂ ಸಿಲಿಕೇಟ್ ಮತ್ತು ಬಿಯರ್. ಹೌದು, ಬಿಯರ್ ಹಳೆಯ ಕೈಪಿಡಿಗಳಲ್ಲೇ ಇದೆ. ಹಿಂದಿನ ದಿನವೇ ತೆರೆದಿಟ್ಟು ಗ್ಯಾಸ್ ಪೂರ್ತಿ ಹೋದ ಮೇಲೆ ಬೆರೆಸಬೇಕು. ಬಳಿದು, ಒಣಗಿಸಿ, ಹೆಚ್ಚುವರಿ ಸಿಲಿಕೇಟ್ ಹೋಗುವಂತೆ ತೊಳೆದು ಮತ್ತೆ ಒಣಗಿಸಬೇಕು. ಆತುರದವರು ಬಿಡುವುದು ಈ ತೊಳೆಯುವ ಕೆಲಸವನ್ನೇ.

ಜೆಲಾಟಿನ್ ಸುರಿಯುವಾಗ ಗಾಜು ಬೆಚ್ಚಗಿರಬೇಕು, ತಣ್ಣಗಿದ್ದರೆ ಅಲ್ಲಲ್ಲೇ ಹೆಪ್ಪುಗಟ್ಟುತ್ತದೆ. ಒಣಗಿಸುವ ಒಲೆಯೊಳಗೆ ಗಾಜನ್ನು ಹೊರುವ ತಿರುಪುಗಳನ್ನು ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಸರಿಮಾಡಿ. ಬಟ್ಟೆಯಲ್ಲಿ ಸೋಸಿದ ದ್ರಾವಣವನ್ನು ನಡುವೆ ಸುರಿದು ಬೆರಳಿನಿಂದ ಮೂಲೆಗಳಿಗೆ ಎಳೆಯಿರಿ. ಆಮೇಲೆ ಸುಮಾರು 50 ಡಿಗ್ರಿಯಲ್ಲಿ ಒಣಗಿಸುವಾಗ ಬಾಗಿಲು ತೆರೆಯಲೇಬೇಡಿ. ಗಾಳಿ ಆಡಿದರೆ ಕಲೆ ಮೂಡುತ್ತದೆ. ಆರಿದ ಹಾಲಿನ ಕೆನೆಯ ಸುಕ್ಕಿನಂಥದ್ದು, ಆದರೆ ಅದಕ್ಕಿಂತ ಎಷ್ಟೋ ಸೂಕ್ಷ್ಮವಾದ ಸುಕ್ಕುಗಳಿಗೆ ತಯಾರಿ ಆಗುವುದು ಈ ಒಣಗುವಿಕೆಯಲ್ಲಿ. ಛಾಯೆಯನ್ನು ಹಿಡಿಯುವುದು ಆ ಸುಕ್ಕೇ. ಪದರ ದಪ್ಪವಾದಷ್ಟೂ ಸುಕ್ಕು ಒರಟು. ಮುಖಚಿತ್ರಕ್ಕೆ ನಾನು ತೆಳುವಾಗಿಯೇ ಬಳಿಯುತ್ತೇನೆ. ಒಣಗಿದ ಪ್ಲೇಟ್ ಕತ್ತಲಲ್ಲಿಟ್ಟರೂ ತಾನಾಗಿ ಗಟ್ಟಿಯಾಗುತ್ತಾ ಹೋಗುತ್ತದೆ, ಬೇಗ ಬಳಸಿಬಿಡಿ.

ಬೆಂಗಳೂರಿನಲ್ಲಿ ಪ್ರಿಂಟ್‌ಮೇಕಿಂಗ್ ಮಾಡುವ ಗೆಳೆಯರು ಗಾಜೇ ಬೇಕಾ ಎಂದು ಕೇಳುತ್ತಾರೆ. ಎಚಿಂಗ್ ಪ್ರೆಸ್ ಮಾತ್ರ ಇದ್ದರೆ ಬೇಡ, ಸಿಲಿಂಡರಿನ ಒತ್ತಡಕ್ಕೆ ಗಾಜು ಒಡೆಯುತ್ತದೆ. ಲಿಥೋಗೆ (ಸಮತಲ ಹಲಗೆಯಿಂದ ಅಚ್ಚುಹಾಕುವ ವಿಧಾನಕ್ಕೆ) ಬಳಸುವ ತರಿ ಮೈಯ ಅಲ್ಯೂಮಿನಿಯಂ ತಗಡಿನಿಂದ ಶುರುಮಾಡಿ, ಜೆಲಾಟಿನ್‌ಗೆ ಆ ತರಿಯೇ ಹಿಡಿತ. ಹಿಂಬದಿಯಿಂದ ಬೆಳಕು ಕೊಡುವ ಅನುಕೂಲ ಮಾತ್ರ ಅಲ್ಲಿಲ್ಲ.

ಡೈಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು. ಯುರೋಪಿಯನ್ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ 21ರ ನಂತರ ಅದರ ಬಳಕೆಗೆ ವಿಶೇಷ ಅನುಮತಿಯ ನಿಯಮವಿದೆ. ಭಾರತದಲ್ಲಿ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ ಎಂದು ಸಲೀಸಾಗಿ ಎತ್ತಿಕೊಳ್ಳಬೇಡಿ. ಕೈಗವಸು, ಮಾಸ್ಕ್ ಇಲ್ಲದೆ ಡಬ್ಬಿ ತೆರೆಯಬೇಡಿ, ಪ್ಲೇಟ್ ತೊಳೆದ ಹಳದಿ ನೀರನ್ನು ಚರಂಡಿಗೆ ಬಿಡಬೇಡಿ.