ಹನ್ನೆರಡು ಮೊಳೆ, ಒಂದು ದಾರ: ಜ್ಯಾ–ಕಾರ್ಡ್ ಹಲಗೆಯ ಕೆಲಸ ಎಲ್ಲಿಗೆ ಬಂತು

ಗಿಟಾರ್ ನುಡಿಸುವವರಿಗೆ ‘ಕಾರ್ಡ್’ ಎಂದರೆ ಒಟ್ಟಿಗೆ ನುಡಿಯುವ ಮೂರೋ ನಾಲ್ಕೋ ಸ್ವರ. ಇಂಗ್ಲಿಷ್ ರೇಖಾಗಣಿತದಲ್ಲಿ ಅದೇ ಪದ ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಗೆರೆಗೆ, ಅಂದರೆ ನಮ್ಮ ‘ಜ್ಯಾ’ಗೆ ಸಲ್ಲುತ್ತದೆ. ಎರಡೂ ಒಂದೇ ಹಲಗೆಯ ಮೇಲೆ ಕಾಣಬೇಕೆಂಬ ಆಸೆಯಿಂದ ಹಿಡಿದ ಕೆಲಸ ಇದು. ಪ್ಲೈವುಡ್ ಮೇಲೆ 15 ಸೆಂ.ಮೀ. ತ್ರಿಜ್ಯದ ವೃತ್ತ, ಸುತ್ತಲೂ 12 ಸ್ವರಸ್ಥಾನಗಳಿಗೆ 12 ಮೊಳೆ, ಮೊಳೆಯಿಂದ ಮೊಳೆಗೆ ದಾರ.

ಮೊದಲ ವಾರ ಹಲಗೆಯೊಂದು ಕೆಟ್ಟಿತು. ಕೋನಮಾಪಕ ಇಟ್ಟು 30 ಡಿಗ್ರಿಗೊಂದರಂತೆ ಗುರುತು ಹಾಕುತ್ತಾ ಹೋದೆ. ಪ್ರತಿ ಸಲವೂ ಕೂದಲೆಳೆಯಷ್ಟು ತಪ್ಪಿದ್ದು ಕೂಡುತ್ತಾ ಬಂದು, ಕೊನೆಯ ಎರಡು ಮೊಳೆಗಳ ನಡುವಿನ ಅಂತರ ಕಣ್ಣಿಗೇ ಬೇರೆಯಾಗಿ ಕಂಡಿತು. ಎರಡನೇ ಹಲಗೆಗೆ ಕೈವಾರವೊಂದೇ ಸಾಕಾಯಿತು. 60 ಡಿಗ್ರಿಯ ಜ್ಯಾ ತ್ರಿಜ್ಯದಷ್ಟೇ ಉದ್ದ. ವೃತ್ತ ಎಳೆದ ಕೈವಾರವನ್ನು ಅಲುಗಿಸದೆ ಪರಿಧಿಯ ಮೇಲೆ ಆರು ಹೆಜ್ಜೆ ನಡೆಸಿದರೆ ಹೊರಟಲ್ಲಿಗೇ ಬರುತ್ತದೆ. ಆರು ಕಂಸಗಳನ್ನು ಅರ್ಧ ಮಾಡಿದರೆ ಉಳಿದ ಆರು ಬಿಂದು.

ಅಂಟು ಒಣಗುವ ಹೊತ್ತಿನಲ್ಲಿ ಪದದ ಬೆನ್ನು ಹತ್ತಿದೆ. ಜ್ಯಾ ಎಂದರೆ ಬಿಲ್ಲಿನ ಹೆದೆ, ಕಂಸವೇ ಬಿಲ್ಲು. ಗ್ರೀಕರ ‘ಖೋರ್ಡೆ’ಯೂ ಕರುಳಿನಿಂದ ಹೊಸೆದ ತಂತಿ. ಹಾಗಾದರೆ ಸಂಗೀತದ ಕಾರ್ಡ್ ಕೂಡ ವಾದ್ಯದ ತಂತಿಯಿಂದಲೇ ಬಂದಿರಬೇಕು ಎಂದು ಬಹುಕಾಲ ನಂಬಿದ್ದೆ. ಅಲ್ಲ. ಅದು ಹೊಂದಿಕೆ ಎಂಬರ್ಥದ ‘ಅಕಾರ್ಡ್’ನ ತಲೆ ಕತ್ತರಿಸಿದ ರೂಪ. ಬೇರಿನಲ್ಲಿರುವುದು ಹೃದಯ ಎಂಬರ್ಥದ ಲ್ಯಾಟಿನ್ ‘ಕೋರ್’. ಮೊದಲು ಅದನ್ನು ‘ಎಚ್’ ಅಕ್ಷರವಿಲ್ಲದೆ ಬರೆಯುತ್ತಿದ್ದರು. ತಂತಿಯ ಪದದ ಸಹವಾಸದಿಂದ ‘ಎಚ್’ ಸೇರಿತು. ಒಂದು ಪದ ಹೆದೆಯದು, ಇನ್ನೊಂದು ಎದೆಯದು!

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ‘ತ್ರಿಜ್ಯ’. ಶಾಲೆಯಲ್ಲಿ ಎಷ್ಟು ಸಲ ಬರೆದರೂ ಅದರೊಳಗಿನ ‘ಮೂರು’ ಏನೆಂದು ಕೇಳಿಕೊಂಡಿರಲಿಲ್ಲ. ಅದು ಮೂರು ರಾಶಿಗಳ, ಅಂದರೆ 90 ಡಿಗ್ರಿಯ ಅರ್ಧಜ್ಯಾ: ಎರಡರಷ್ಟು ಕೋನದ, ಅಂದರೆ 180 ಡಿಗ್ರಿಯ ಪೂರ್ತಿ ಹೆದೆಯ ಅರ್ಧ. ಆರ್ಯಭಟ ಪೂರ್ತಿ ಹೆದೆಯ ಬದಲು ಅರ್ಧಜ್ಯಾ ಹಿಡಿದು ಕೋಷ್ಟಕ ಕಟ್ಟಿದ. ಅಲ್ಲಿ ತ್ರಿಜ್ಯ 3438 ಕಲೆ (ಒಂದು ಡಿಗ್ರಿಗೆ 60 ಕಲೆ). ಅದೇ ಜ್ಯಾ, ಅರಬ್ಬಿಯಲ್ಲಿ ‘ಜೀಬಾ’ ಆಗಿ, ಮಡಿಲು ಎಂಬರ್ಥದ ‘ಜೈಬ್’ ಎಂದು ಓದಿಸಿಕೊಂಡು, ಅದರ ಲ್ಯಾಟಿನ್ ಅನುವಾದ ‘ಸೈನಸ್’ ಮೂಲಕ ‘ಸೈನ್’ ಆಗಿ ನಮ್ಮ ಪಠ್ಯಕ್ಕೆ ಮರಳಿತು. ರಾಶಿಗಳು ಹನ್ನೆರಡು, ನನ್ನ ಮೊಳೆಗಳೂ ಹನ್ನೆರಡು. ದಾರದ ಉದ್ದಕ್ಕೆ ಬೇಕಾದದ್ದೂ ಅದೇ ಸೈನ್: ಮಧ್ಯದಲ್ಲಿ ಏರ್ಪಡುವ ಕೋನದ ಅರ್ಧಕ್ಕೆ ಸೈನ್ ತೆಗೆದು ವ್ಯಾಸದಿಂದ ಗುಣಿಸುವುದು.

ಲೆಕ್ಕ ಹೀಗೆ ಬಂತು. ಒಂದು ಸ್ಥಾನದ ಅಂತರಕ್ಕೆ 7.76 ಸೆಂ.ಮೀ., ಎರಡಕ್ಕೆ 15, ಮೂರಕ್ಕೆ 21.21, ನಾಲ್ಕಕ್ಕೆ 25.98, ಐದಕ್ಕೆ 28.98, ಆರಕ್ಕೆ ವ್ಯಾಸವೇ, 30. ಉದ್ದ ಹೆಚ್ಚಿದಷ್ಟೂ ಇಂಪು ಹೆಚ್ಚುತ್ತದೆಯೇ ಎಂದು ನೋಡಿದೆ. ಇಲ್ಲ. ಅತಿ ಗಿಡ್ಡ ದಾರದ ಸ–ಶುದ್ಧ ರಿ, ಅತಿ ಉದ್ದದ ಸ–ಪ್ರತಿ ಮಧ್ಯಮ ಎರಡೂ ಒಟ್ಟಿಗೆ ನುಡಿಸಿದರೆ ಕಿವಿಗೆ ಒರಟು.

ಮೂರನೇ ವಾರ ಸ, ಅಂತರ ಗಾಂಧಾರ (ಸ-ದಿಂದ ನಾಲ್ಕು ಸ್ಥಾನ), ಪ (ಏಳು ಸ್ಥಾನ) ಮೂರಕ್ಕೂ ಕೆಂಪು ದಾರ ಬಿಗಿದೆ: ಮೇಜರ್ ಕಾರ್ಡ್. ಮೂರು ಜ್ಯಾಗಳು ಸೇರಿ ಒಂದು ಕಾರ್ಡ್. ಸ ಬಳಿ 45, ಗ ಬಳಿ 75, ಪ ಬಳಿ 60 ಡಿಗ್ರಿ. ಅಷ್ಟೇ ಅಳತೆಯ ತ್ರಿಕೋನವನ್ನು ರಟ್ಟಿನಲ್ಲಿ ಕತ್ತರಿಸಿ ತಿರುಗಿಸಿದರೆ ಹನ್ನೆರಡು ಮೇಜರ್ ಕಾರ್ಡ್‌ಗಳೂ ಸಿಗುತ್ತವೆ. ರಟ್ಟನ್ನು ಮಗುಚಿ ಹಾಕಿದೆ, ಸಾಧಾರಣ ಗಾಂಧಾರದ (ಸ-ದಿಂದ ಮೂರು ಸ್ಥಾನ) ಮೈನರ್ ಕಾರ್ಡ್ ಬಂತು! ಒಂದರ ಕನ್ನಡಿ ಬಿಂಬ ಇನ್ನೊಂದು. ಎರಡಕ್ಕೂ ಒಂದೇ ಉದ್ದದ ದಾರ, 76.17 ಸೆಂ.ಮೀ. ಕಿವಿಗೆ ಇಷ್ಟು ಬೇರೆಯಾಗಿ ಕೇಳುವ ಎರಡು ಕಾರ್ಡ್‌ಗಳು ಒಂದೇ ರಟ್ಟಿನ ಎರಡು ಮೈ ಎಂದು ಕಂಡಾಗ ಅರ್ಧ ಗಂಟೆ ಬೇರೇನೂ ಮಾಡಲಾಗಲಿಲ್ಲ.

ಹಲಗೆಗೆ ಒಂದು ಮಿತಿಯೂ ಇದೆ. ಸ-ದಿಂದ ಪ-ಗೆ ಏಳು ಸ್ಥಾನ, ಪ-ದಿಂದ ಮೇಲಿನ ಸ-ಗೆ ಐದು. ದಾರ ಮಾತ್ರ ಅದೇ. ಒಂದು ಹೆದೆಗೆ ಎರಡು ಬಿಲ್ಲು. ಯಾವ ಸ್ವರ ಕೆಳಗೆ, ಯಾವುದು ಮೇಲೆ ಎಂಬುದನ್ನು ಈ ವೃತ್ತ ಹೇಳುವುದಿಲ್ಲ.

ಈ ವಾರ ದಾರ ಕತ್ತರಿಸದೆ ಏಳೇಳು ಸ್ಥಾನ ಹಾರಿಸುತ್ತಾ ಹೋದೆ: ಸ, ಪ, ಚತುಶ್ರುತಿ ರಿ, ಚತುಶ್ರುತಿ ಧ... ಸುಮಾರು ಮೂರೂವರೆ ಮೀಟರ್ ದಾರ ಹನ್ನೆರಡೂ ಮೊಳೆ ಮುಟ್ಟಿ, ನಕ್ಷತ್ರವೊಂದನ್ನು ಬಿಡಿಸಿ ಸ-ಗೆ ಮರಳಿತು. ಆದರೆ ಇದು ಸಮಾನ ಅಂತರದ ಹಲಗೆ. ಶುದ್ಧ ಪಂಚಮದ ಕಂಪನಸಂಖ್ಯೆ ಸ-ದ ಕಂಪನಸಂಖ್ಯೆಗೆ 3:2 ಅನುಪಾತದ್ದು. ಹನ್ನೆರಡು ಸಲ ಗುಣಿಸಿದರೆ ಸುಮಾರು 129.75, ಸ್ಥಾಯಿಗೊಮ್ಮೆ ದುಪ್ಪಟ್ಟಾಗುತ್ತಾ ಏಳು ಸ್ಥಾಯಿ ಏರಿದರೆ 128, ಎರಡೂ ಕೂಡುವುದಿಲ್ಲ. ಆ ವ್ಯತ್ಯಾಸವನ್ನು ವೃತ್ತಕ್ಕೆ ಇಳಿಸಿದಾಗ ಸುಮಾರು 7 ಡಿಗ್ರಿ, ಜ್ಯಾ 1.84 ಸೆಂ.ಮೀ. ಸ-ದ ಮೊಳೆಯಿಂದ ಅಷ್ಟು ಆಚೆಗೆ ಹದಿಮೂರನೆಯ, ಹಿತ್ತಾಳೆಯ ಸಣ್ಣ ಮೊಳೆ ಹೊಡೆದಿದ್ದೇನೆ. ಎರಡನ್ನೂ ಸೇರಿಸುವ ಗಿಡ್ಡ ದಾರವನ್ನು ನಾಳೆ ಕಟ್ಟಬೇಕು.