ಕಪ್ಪೆಯ ಮುಖ, ಯಾರದೋ ಕೈ

“ಅಪ್ಪಾ, ಕೆರ್ಮಿಟ್‌ಗೆ ನೆಗಡಿಯಾಗಿದೆಯೇ?”

2017ರ ಆಗಸ್ಟ್ ಕೊನೆಯ ವಾರ. ಎಂಟು ವರ್ಷದ ಮಗಳು ನನ್ನ ಮೊಬೈಲಿನಲ್ಲಿ ಅಮೆರಿಕದ ಟಿ.ವಿ.ಯ ಕೈಗೊಂಬೆ ಕೆರ್ಮಿಟ್ ಕಪ್ಪೆಯ ಹೊಸ ತುಣುಕೊಂದನ್ನು ನೋಡುತ್ತಿದ್ದಳು. ಅದೇ ಹಸಿರು ಬಟ್ಟೆ, ಅದೇ ಮೊನಚು ಕೊರಳಪಟ್ಟಿ, ಅದೇ ಕಡ್ಡಿಯಂಥ ಕೈಗಳು. ದನಿ ಮಾತ್ರ ಕೂದಲೆಳೆಯಷ್ಟು ಆಚೆಗೆ ಸರಿದಿತ್ತು. ನೆಗಡಿಯಲ್ಲ ಮಗಳೇ, ಕಪ್ಪೆಯೊಳಗಿನ ಮನುಷ್ಯ ಬದಲಾಗಿದ್ದಾನೆ ಎಂದು ಹೇಳುವುದೋ ಬಿಡುವುದೋ ತಿಳಿಯದೆ ಸುಮ್ಮನಾದೆ.

ಆ ಶನಿವಾರ, ಲೇಬರ್ ಡೇ ರಜೆಯಲ್ಲಿ, ಅವಳನ್ನು ಕರೆದುಕೊಂಡು ನ್ಯೂಜೆರ್ಸಿಯಿಂದ ನ್ಯೂಯಾರ್ಕಿನ ಅಸ್ಟೋರಿಯಾಕ್ಕೆ ಹೊರಟೆ. ಅಲ್ಲಿನ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್‌ನಲ್ಲಿ ಕೆರ್ಮಿಟ್‌ನನ್ನು ಹುಟ್ಟಿಸಿದ ಗೊಂಬೆಯಾಟಗಾರ ಜಿಮ್ ಹೆನ್ಸನ್ ಕುರಿತ ಪ್ರದರ್ಶನ ಜುಲೈನಲ್ಲಷ್ಟೇ ತೆರೆದಿತ್ತು. ರೈಲಿನಲ್ಲಿ ವಿಧಿಯಿಲ್ಲದೆ ಕಥೆ ಬಿಚ್ಚಿದೆ. ಹೆನ್ಸನ್ 1955ರಲ್ಲಿ ತಾಯಿಯ ಹಳೆಯ ಕೋಟು ಕತ್ತರಿಸಿ, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಿಗಿಟ್ಟು ಈ ಪ್ರಾಣಿಯನ್ನು ಹೊಲಿದರು. ಆಗ ಅದಿನ್ನೂ ಕಪ್ಪೆಯೂ ಆಗಿರಲಿಲ್ಲ. 35 ವರ್ಷ ಅದರ ಕೈಯೂ ಕೊರಳೂ ತಾವೇ ಆಗಿದ್ದು, 1990ರ ಮೇ 16ರಂದು 53ನೇ ವಯಸ್ಸಿಗೇ ತೀರಿಕೊಂಡರು. ಆಮೇಲೆ ತಂಡದವರೇ ಆದ ಸ್ಟೀವ್ ವಿಟ್ಮೈರ್ ಕೆರ್ಮಿಟ್ ಆದರು, ಅದೂ 26 ವರ್ಷ. ಅವರನ್ನು ತೆಗೆದದ್ದು 2016ರಲ್ಲಿ, ಸುದ್ದಿ ಹೊರಬಿದ್ದದ್ದು 2017ರ ಜುಲೈನಲ್ಲಿ. ಎರಡೂ ಕಡೆಯವರು ತಂತಮ್ಮ ವಾದ ಹೇಳಿಕೊಂಡರು. ಈಗ ಮ್ಯಾಟ್ ವೋಗೆಲ್. ಮಗಳು ಕೇಳಿದ ನೆಗಡಿ ಇವರದು.

“ಹಾಗಾದರೆ ಕೆರ್ಮಿಟ್ ಸತ್ತುಹೋಗಿದ್ದಾನೆಯೇ?”

“ಇಲ್ಲ. ಜಿಮ್ ಸತ್ತದ್ದು.”

ಇಷ್ಟೇ ಹೇಳಿ ಕಿಟಕಿಯ ಕಡೆ ನೋಡಿದೆ. ಹೆನ್ಸನ್ ಅವರ ಶ್ರದ್ಧಾಂಜಲಿ ಸಭೆಯ ಚಿತ್ರಣವನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಯಾರೂ ಕಪ್ಪು ಬಟ್ಟೆ ಉಡಬಾರದು ಎಂದು ಅವರು ಮೊದಲೇ ಬರೆದಿಟ್ಟಿದ್ದರು. ನ್ಯೂಯಾರ್ಕಿನ ದೊಡ್ಡ ಕೆಥೆಡ್ರಲ್ಲಿನಲ್ಲಿ ಹೆನ್ಸನ್ ತಂಡದ ಹಕ್ಕಿಗೊಂಬೆ ಬಿಗ್ ಬರ್ಡ್, ಎಂದರೆ ಅದರೊಳಗಿನ ಕ್ಯಾರೊಲ್ ಸ್ಪಿನ್ನಿ, ಒಬ್ಬನೇ ನಿಂತು ಕೆರ್ಮಿಟ್‌ನ ಹಾಡು ಹಾಡಿ, ಕೊನೆಗೆ ಮೇಲೆ ನೋಡಿ “ಥ್ಯಾಂಕ್ ಯೂ, ಕೆರ್ಮಿಟ್” ಎನ್ನುತ್ತಾನೆ. ಜಿಮ್ ಎನ್ನಲಿಲ್ಲ. ಆ ಹಳದಿ ಹಕ್ಕಿಯ ಲೆಕ್ಕದಲ್ಲಿ ಹೋದವನು ಕೆರ್ಮಿಟ್. ಮಗಳಿಗೆ ನಾನು ಕೊಟ್ಟ ಉತ್ತರ ತಪ್ಪಿರಬಹುದು.

ಗಾಜಿನ ಹಿಂದೆ ಕೆರ್ಮಿಟ್ ಇದ್ದ. ಸುತ್ತಲೂ ಮಕ್ಕಳಿಗಿಂತ ನಲವತ್ತು ದಾಟಿದವರೇ ಹೆಚ್ಚು. ನಮ್ಮ ಪಕ್ಕದಲ್ಲಿ ಇಬ್ಬರು ಹೊಸ ದನಿಯ ಬಗ್ಗೆ ಪಿಸುಮಾತಿನಲ್ಲಿ ಜಗಳವಾಡುತ್ತಿದ್ದರು. ಇಂಥ ಜಗಳ ಈ ದೇಶದಲ್ಲಿ ಹೊಸದಲ್ಲ. ಮಿಕ್ಕಿ ಮೌಸ್‌ಗೆ ಮೊದಲು ದನಿ ಕೊಟ್ಟವರು ಸ್ವತಃ ವಾಲ್ಟ್ ಡಿಸ್ನಿ. ಅವರ ನಂತರ ಎಷ್ಟೋ ಕೊರಳುಗಳು ಬದಲಾದವು. ಡೊನಾಲ್ಡ್ ಡಕ್‌ನ ಕ್ಲಾರೆನ್ಸ್ ನ್ಯಾಶ್ ಮಾತ್ರ ಜಾಣರು. 1985ರಲ್ಲಿ ಕಣ್ಣು ಮುಚ್ಚುವ ಮುನ್ನವೇ ಟೋನಿ ಅನ್ಸೆಲ್ಮೊಗೆ ಆ ಬಾತುಕೋಳಿಯ ಭಾಷೆಯನ್ನು ಕೂಡಿಸಿಕೊಂಡು ಕಲಿಸಿಹೋದರು. ಇದು ನಮ್ಮ ಕಡೆಯ ಗುರು–ಶಿಷ್ಯರ ದಾರಿ.

ನಾನು ಕುಂದಾಪುರದ ಕಡೆಯವನು. ಉಪ್ಪಿನಕುದ್ರು ಕೊಗ್ಗ ಕಾಮತರ ಸೂತ್ರದ ಗೊಂಬೆಯಾಟ ನೋಡಿ ಬೆಳೆದವನು. ಕಾಮತರು 2003ರಲ್ಲಿ ತೀರಿಕೊಂಡರು, ಮಗ ಭಾಸ್ಕರ ಕಾಮತರು ಆಟ ಮುಂದುವರಿಸಿದರು. “ಇವನು ನನ್ನ ರಾವಣನಲ್ಲ” ಎಂದು ಯಾರಾದರೂ ಅತ್ತದ್ದನ್ನು ನಾನು ಕೇಳಿಲ್ಲ. ರಾವಣ ಯಾರೊಬ್ಬರ ಸೊತ್ತೂ ಅಲ್ಲವಲ್ಲ! ಇವತ್ತಿನ ರಾವಣ ಹೇಗಿದ್ದ ಎಂದು ಮಾತ್ರ ಕೇಳಿಕೊಂಡು ಮನೆಗೆ ನಡೆಯುತ್ತಿದ್ದೆವು. ಈ ಗತ್ತಿನಲ್ಲಿಯೇ ಗಾಜಿನ ಮುಂದೆ ನಿಂತು, ಒಂದು ಬಟ್ಟೆಯ ಕಪ್ಪೆಗೆ ಇಷ್ಟು ರಂಪವೇ ಎಂದು ಒಳಗೊಳಗೇ ನಕ್ಕಿದ್ದೆ.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಒಂದು ಮೂಲೆಯಲ್ಲಿ ನೋಡುಗರೇ ಗೊಂಬೆ ಆಡಿಸಿ ನೋಡುವ ವ್ಯವಸ್ಥೆಯಿತ್ತು. ಮುಂದೆ ಕ್ಯಾಮೆರಾ, ಪಕ್ಕದಲ್ಲಿ ಪರದೆ. ಸಾದಾ ಬಟ್ಟೆಯ ಗೊಂಬೆಯೊಳಗೆ ಬಲಗೈ ತೂರಿಸಿ ತಲೆಯ ಮೇಲೆತ್ತಿದೆ. ಹೆನ್ಸನ್ ಅವರ ಗೊಂಬೆಗಳಿಗೆ ಮಪೆಟ್ ಎಂದು ಹೆಸರು. ಅವನ್ನು ಆಡಿಸುವವರು ಹೀಗೆಯೇ, ಬಲಗೈ ಗೊಂಬೆಯ ತಲೆಯೊಳಗೆ, ಎಡಗೈ ಕೆಳಗೆ ಗೊಂಬೆಯ ಕೈಯ ಕಡ್ಡಿಗೆ. ಹಾಗಾಗಿ ಮಪೆಟ್‌ಗಳಲ್ಲಿ ಬಹುಪಾಲು ಎಡಚರು. ನಾನು ಮಾತಾಡಿಸಲು ಹೋದಾಗ ಗೊಂಬೆಯ ತಲೆಯೇ ಡಬ್ಬಿಯ ಮುಚ್ಚಳದಂತೆ ಹಿಂದಕ್ಕೆ ಹಾರಿತು. ಮೇಲಿನ ಬೆರಳುಗಳು ನಿಲ್ಲಬೇಕು, ಹೆಬ್ಬೆರಳು ಕೆಳಗಿಳಿಯಬೇಕು. ಎರಡು ನಿಮಿಷಕ್ಕೆ ತೋಳು ಸೋತಿತು. ಪರದೆಯ ಮೇಲೆ ಕಂಡದ್ದು ಹಲ್ಲುನೋವಿನಿಂದ ಬಾಯಿ ಕಿಸಿದ ಯಾರೋ ಗುಮಾಸ್ತ.

“ನನಗೆ ಕೊಡು” ಎಂದಳು ಮಗಳು.

ಅದೇ ಗೊಂಬೆ, ಅದೇ ದೀಪ. ಅವಳ ಪುಟ್ಟ ಕೈ ಒಳಹೊಕ್ಕಿದ್ದೇ ತಡ, ಮೂಗಿನ ಬಳಿ ಬಟ್ಟೆ ಸಡಿಲಾಗಿ ಒಂದು ಮಡಿಕೆ ಬಿತ್ತು, ಗಲ್ಲ ಒಳಸರಿಯಿತು. ಗುಮಾಸ್ತ ಎದ್ದುಹೋಗಿ ಅವನ ಜಾಗದಲ್ಲಿ ತಂಟೆ ಮಾಡಿ ಸಿಕ್ಕಿಬಿದ್ದ ಹುಡುಗಿಯೊಬ್ಬಳು ಕುಳಿತಿದ್ದಳು. ಮಗಳಿನ್ನೂ ಒಂದು ಮಾತೂ ಆಡಿರಲಿಲ್ಲ.

ಓಡಿಹೋಗಿ ಕೆರ್ಮಿಟ್‌ನನ್ನು ಮತ್ತೆ ನೋಡಿದೆ. ಅವನ ತಲೆ ಮೆತ್ತಗಿನ ಬಟ್ಟೆ, ಒಳಗಿನ ಕೈ ಹೇಗೋ ಮುಖ ಹಾಗೆ. ಮುನಿಸಿಕೊಂಡಾಗ ಮುದುರುವ ಆ ಮೂತಿ ಹೆನ್ಸನ್ ಅವರ ಬೆರಳಗಂಟುಗಳು. ನಾವೆಲ್ಲ ದನಿ ಬದಲಾಯಿತೆಂದು ಗಲಾಟೆ ಮಾಡುತ್ತಿದ್ದೆವು, ದನಿಯನ್ನಾದರೂ ಸಾಧನೆ ಮಾಡಿ ಹತ್ತಿರ ತರಬಹುದು. ಇಲ್ಲಿ ಎಲುಬೇ ಬೇರೆ. ಅಡುಗೆಗೂ ನಾಟಿ ವೈದ್ಯಕ್ಕೂ ನಾವು ಕೈಗುಣ ಎನ್ನುತ್ತೇವಲ್ಲ, ಅದನ್ನು ಕಣ್ಣಾರೆ ಕಂಡಂತಾಯಿತು. ಉಪ್ಪಿನಕುದ್ರುವಿನ ಮರದ ರಾವಣನಿಗೆ ಮುಖ ಮೊದಲೇ ಕೆತ್ತಿರುತ್ತದೆ. ಇವನಿಗೆ ಪ್ರತಿ ಸಲವೂ ಒಬ್ಬ ಮನುಷ್ಯ ತನ್ನ ಕೈಯನ್ನೇ ಮುಖವಾಗಿ ಕೊಡಬೇಕು. ವಿಟ್ಮೈರ್ 26 ವರ್ಷ ಹಾಗೆ ಕೊಟ್ಟಿದ್ದರು ಎನ್ನುವುದು ಆಗ ಹೊಳೆದು, ಪಿಸುಗುಡುತ್ತಿದ್ದ ಆ ಇಬ್ಬರ ಮೇಲೆ ಕನಿಕರ ಬಂತು.

ವಾಪಸ್ ರೈಲಿನಲ್ಲಿ ಮಗಳ ಬಲಗೈ ಕೆಳಗಿಳಿಯಲೇ ಇಲ್ಲ. ಬರಿಗೈಯನ್ನೇ ಕೊಕ್ಕಿನಂತೆ ಹಿಡಿದು, ಈ ಸಲ ಹೆಬ್ಬೆರಳನ್ನು ಮಾತ್ರ ಇಳಿಸುತ್ತಾ ನಿಲ್ದಾಣಗಳ ಹೆಸರು ಓದುತ್ತಿದ್ದಳು. ಎದುರಿಗೆ ಚೀಲಗಳ ನಡುವೆ ಕುಳಿತಿದ್ದ ಮುದುಕಿಯೊಬ್ಬರು ಸ್ವಲ್ಪ ಹೊತ್ತು ನೋಡಿ, “ಕ್ವೀನ್ಸ್‌ಬರೊ ಪ್ಲಾಜಾ ಬಂದರೆ ನನಗೆ ಹೇಳುತ್ತೀಯಾ?” ಎಂದು ಕೇಳಿದರು. ಕೇಳಿದ್ದು ಮಗಳನ್ನಲ್ಲ, ಅವಳ ಕೈಯನ್ನು. ಕೈ ಗಂಭೀರವಾಗಿ ತಲೆಯಾಡಿಸಿತು.